ಅತ್ತೆಯ ಕುರ್ಚಿ ಮತ್ತು ಆರು ರಿಲೇಗಳು

ನಮ್ಮ ಮನೆಯಲ್ಲಿ ನನ್ನ ಮಾತು ಕೇಳುವ ವಸ್ತು ಒಂದೇ ಒಂದಿತ್ತು. ಅದು ನನ್ನ ಆಂಪ್ಲಿಫೈಯರಿನ ವಾಲ್ಯೂಮ್ ಗುಂಡಿ. ಬಲಕ್ಕೆ ತಿರುಗಿಸಿದರೆ ಸದ್ದು ಹೆಚ್ಚುತ್ತಿತ್ತು, ಎಡಕ್ಕೆ ತಿರುಗಿಸಿದರೆ ಕಡಿಮೆಯಾಗುತ್ತಿತ್ತು. ‘ಯಾಕೆ’, ‘ಈಗಲೇ ಆಗಬೇಕಾ’, ‘ಆಮೇಲೆ ನೋಡೋಣ’ ಎಂಬ ಎದುರುತ್ತರ ಇರಲಿಲ್ಲ. ಇಷ್ಟು ವರ್ಷ ಇಂಥ ವಿಧೇಯತೆಯಿಂದ ಬಾಳಿದ ಆ ಗುಂಡಿಯೂ ಕೊನೆಗೆ ಮನೆಯ ಉಳಿದವರನ್ನು ನೋಡಿ ಕಲಿತುಬಿಟ್ಟಿತು.

ಮುಟ್ಟಿದರೆ ಸಾಕು, ಕರಕರ ಎಂದು ಗೊಣಗತೊಡಗಿತು. ಸದ್ದು ತೀರಾ ಕಡಿಮೆ ಮಾಡಿದರಂತೂ ಎಡಗಡೆಯ ಸ್ಪೀಕರ್ ಮುನಿಸಿಕೊಂಡು ಸುಮ್ಮನಾಗುತ್ತಿತ್ತು, ಬಲಗಡೆಯದೊಂದೇ ಹಾಡುತ್ತಿತ್ತು. ಎರಡರ ನಟ್ಟನಡುವೆ ನಿಂತು ಹಾಡಬೇಕಾದ ಗಾಯಕಿ ಅಡುಗೆಮನೆಯ ಬಾಗಿಲ ಹಿಂದೆ ಅಡಗಿಕೊಂಡು ಹಾಡಿದಂತೆ ಕೇಳುತ್ತಿತ್ತು.

“ಒಳಗಿರೋ ಪಟ್ಟಿ ಸವೆದುಹೋಗಿದೆ” ಎಂದು ಹೆಂಡತಿಗೆ ವಿವರಿಸಿದೆ.

“ನಂಗೇನೂ ವ್ಯತ್ಯಾಸ ಗೊತ್ತಾಗ್ತಿಲ್ಲ. ಆಫ್ ಮಾಡಿದ್ರೆ ಮಾತ್ರ ಗೊತ್ತಾಗುತ್ತೆ” ಎಂದಳು.

ನನ್ನ ಹೆಂಡತಿ ಗ್ರಂಥಪಾಲಕಿ. ಮೌನವೇ ಅವಳ ಕಸುಬು. ದಿನವಿಡೀ ತುಟಿಯ ಮೇಲೆ ಬೆರಳಿಟ್ಟು ಜನರನ್ನು ಸುಮ್ಮನಿರಿಸಿ ಬರುವವಳಿಗೆ ಒಳ್ಳೆಯ ಸದ್ದೆಂದರೆ ನಿಂತ ಸದ್ದು. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಬೆಳಗಿನಿಂದ ಸಂಜೆಯವರೆಗೆ ಒಂದು ಗಾಜು ತೆಗೆದು ಇನ್ನೊಂದು ಗಾಜು ಇಟ್ಟು, “ಇದು ಚೆನ್ನಾಗಿದೆಯಾ, ಇದಾ? ಗಾಬರಿ ಬೇಡ, ನಿಧಾನವಾಗಿ ಹೇಳಿ” ಎಂದು ಕೇಳುವುದೇ ನನ್ನ ಬದುಕು. ಜನ ಎರಡಕ್ಕೂ ತಲೆಯಾಡಿಸುತ್ತಾರೆ. ಅಂಥ ಅನಿಶ್ಚಯದ ಲೋಕದಿಂದ ಮನೆಗೆ ಬಂದು ಒಂದು ಗಂಟೆ ಸಂಗೀತ ಕೇಳಿದರೆ ನನ್ನ ಜೀವಕ್ಕೆ ಸಮಾಧಾನ. ಅದಕ್ಕೆಂದೇ ಹಾಲಿನ ಕಿಟಕಿಯ ಮೂಲೆಯಲ್ಲಿ ಎಡಗಡೆಯ ಸ್ಪೀಕರನ್ನು, ಬಾಗಿಲ ಬಳಿ ಬಲಗಡೆಯದನ್ನು ಇಟ್ಟುಕೊಂಡಿದ್ದೆ. (ಎರಡೂ ನನ್ನ ಸೊಂಟದೆತ್ತರ ಇವೆ. ಹೆಂಡತಿ ಅವಕ್ಕೆ ‘ದ್ವಾರಪಾಲಕರು’ ಎನ್ನುತ್ತಾಳೆ.)

ಹೀಗಿರುವಾಗ ಅತ್ತೆ ನಮ್ಮ ಮನೆಯಲ್ಲೇ ಇರಲು ಬಂದರು. ಜೊತೆಗೆ ಅವರ ಕುರ್ಚಿಯೂ ಬಂತು.

ಅತ್ತೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೇಲ್ವಿಚಾರಕಿಯಾಗಿ ನಿವೃತ್ತರಾದವರು, ಮಾತು ಕಡಿಮೆ, ಮರ್ಯಾದೆ ಹೆಚ್ಚು. ತಕರಾರೆಲ್ಲ ಕುರ್ಚಿಯದು. ಹಿಂದಕ್ಕೆ ಒರಗಿದರೆ ಕಾಲೂ ಮೇಲೆ ಬರುವ ಭಾರೀ ಕುರ್ಚಿ. ಅದು ಹಿಡಿಯುವ ಜಾಗ ಇಡೀ ಮನೆಯಲ್ಲಿ ಒಂದೇ: ಕಿಟಕಿಯ ಮೂಲೆ. ಅಲ್ಲಿ ನನ್ನ ಎಡಗಡೆಯ ದ್ವಾರಪಾಲಕ ನಿಂತಿದ್ದ.

ಸದ್ಯಕ್ಕೆ ಕುರ್ಚಿಯನ್ನು ಹಾಲಿಗೂ ಅಡುಗೆಮನೆಗೂ ನಡುವಿನ ಓಣಿಯಲ್ಲಿ ಇಟ್ಟೆವು. ಮನೆಯವರೆಲ್ಲ ಅಡ್ಡಡ್ಡ ನಡೆಯುವುದನ್ನು ಕಲಿತೆವು. ಮೊಣಕಾಲಿಗೆ ತಗುಲಿಸಿಕೊಂಡಾಗಲೆಲ್ಲ ಹೆಂಡತಿ ಕುರ್ಚಿಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

“ರೀ, ಆ ಪೆಟ್ಟಿಗೆಗಳನ್ನ ಮಾಳಿಗೆ ಕೋಣೆಗೆ ಹಾಕಿ. ಅಮ್ಮನಿಗೆ ಮೂಲೆ ಬೇಕು” ಎಂದಳು.

“ಮಾಳಿಗೆ ಕೋಣೇಲಿ ಹಳೇ ಹಾಸಿಗೆ, ಒಡೆದ ಬಕೆಟ್ಟು ಇದೆ ಕಣೇ. ಅಲ್ಲಿ ಯಾರು ಕೇಳ್ತಾರೆ?”

“ಇಲ್ಲಿ ಯಾರು ಕೇಳ್ತಿದಾರೆ?”

ಅಷ್ಟರಲ್ಲಿ ಅತ್ತೆಯೇ ನನ್ನ ನೆರವಿಗೆ ಬಂದರು. “ಬೇಡ ಬಿಡೇ. ಮೂಲೇಲಿ ಕೂತ್ರೂ ನಂಗೆ ನಿದ್ದೆ ಬರಲ್ಲ. ಸರ್ವಿಸ್‌ನಲ್ಲಿದ್ದಾಗ ಊಟ ಆದ್ಮೇಲೆ ಒಂದು ಕೋಳಿನಿದ್ದೆ ಆಗ್ತಿತ್ತು. ಇಲ್ಲಿ ಯಾಕೋ ಕಣ್ಣೇ ಮುಚ್ಚಲ್ಲ. ನಿಮ್ಮನೆ ತುಂಬಾ ನಿಶ್ಯಬ್ದ.”

ನನ್ನ ತಲೆಯಲ್ಲಿ ದೀಪ ಹತ್ತಿತು. ಮಧ್ಯಾಹ್ನ ಮೆತ್ತನೆಯ ಸಂಗೀತ ಹಾಕಿದರೆ ಅತ್ತೆಗೆ ನಿದ್ದೆ ಬರುತ್ತದೆ. ಬಂದರೆ ಸ್ಪೀಕರುಗಳು ಮನೆಗೆ ಬೇಕಾದ ವಸ್ತುಗಳಾಗುತ್ತವೆ, ಔಷಧಿಯ ಹಾಗೆ. ಔಷಧಿಯನ್ನು ಯಾರೂ ಮಾಳಿಗೆಗೆ ಹಾಕುವುದಿಲ್ಲ. ನನ್ನ ಈ ವಾದವನ್ನು ಹೆಂಡತಿ ಕೈಕಟ್ಟಿಕೊಂಡು ಪೂರ್ತಿ ಕೇಳಿದಳು.

“ಸರಿ. ಭಾನುವಾರ ಊಟ ಆದ್ಮೇಲೆ ಅಮ್ಮ ಕುರ್ಚೀಲಿ ಕೂತ್ಕೊಳ್ಳಲಿ. ನಿಮ್ಮ ಪೆಟ್ಟಿಗೆಯಿಂದ ಅಮ್ಮನಿಗೆ ನಿದ್ದೆ ಬಂದ್ರೆ ಅದು ಹಾಲಲ್ಲೇ ಇರುತ್ತೆ, ಕುರ್ಚಿಗೆ ಬೇರೆ ದಾರಿ ನೋಡೋಣ. ಬರ್ಲಿಲ್ಲ ಅಂದ್ರೆ ಮಾಳಿಗೆ.”

ಒಪ್ಪಿದೆ. ಒಪ್ಪಿದ ಮೇಲೆ ನೆನಪಾಯಿತು, ಮೆತ್ತನೆಯ ಸಂಗೀತವೆಂದರೆ ಸದ್ದು ಕಡಿಮೆ ಮಾಡಬೇಕು, ಸದ್ದು ಕಡಿಮೆ ಮಾಡಬೇಕೆಂದರೆ ಆ ದ್ರೋಹಿ ಗುಂಡಿಯನ್ನು ಮುಟ್ಟಬೇಕು.

ನನಗೊಬ್ಬ ಗೆಳೆಯನಿದ್ದಾನೆ. ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಪಕ್ಕದ ಮನೆಯ ಮಗು ಅತ್ತರೂ ಅದೆಷ್ಟು ಡೆಸಿಬೆಲ್ ಎಂದು ಅಂದಾಜು ಹೇಳುತ್ತಾನೆ, ಹಾಗಾಗಿ ಅವನ ಹೆಸರೇ ಡೆಸಿಬೆಲ್ ಎಂದಾಗಿದೆ. ಅವನೆದುರು ನನ್ನ ಗೋಳು ತೋಡಿಕೊಂಡೆ.

“ಇನ್ನೊಂದು ಗುಂಡಿ ಹಾಕಿದ್ರೆ ಅದೂ ಸವೆಯುತ್ತೆ ಕಣಯ್ಯ. ರಿಲೇ ಹಾಕು” ಎಂದ. “ರಿಲೇ ಅಂದ್ರೆ ಕರೆಂಟೇ ಒತ್ತೋ ಸ್ವಿಚ್ಚು. ಒಳಗೊಂದು ತಂತಿ ಸುರುಳಿ. ಕರೆಂಟ್ ಬಂದ್ರೆ ಅಯಸ್ಕಾಂತ ಆಗಿ ಲೋಹದ ನಾಲಿಗೇನ ಎಳ್ಕೊಳ್ಳುತ್ತೆ. ಟಕ್. ಅಷ್ಟೇ. ಆರು ರಿಲೇ ತಗೋ. ಮೊದಲನೇದು ಒಂದು ಡೆಸಿಬೆಲ್ ತಗ್ಗಿಸುತ್ತೆ, ಎರಡನೇದು ಎರಡು, ಆಮೇಲೆ ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. ಬೇಕುಬೇಕಾದ್ದು ಸೇರಿಸಿದ್ರೆ ಅರವತ್ತನಾಲ್ಕು ಮೆಟ್ಟಿಲು. ಕರಕರ ಇಲ್ಲ, ಎಡ ಬಲ ಭೇದ ಇಲ್ಲ.”

ಅರವತ್ತನಾಲ್ಕು ಮೆಟ್ಟಿಲು ಎಂದು ಕೇಳಿಯೇ ನನ್ನ ಎದೆ ಉಬ್ಬಿತು. ಅರಮನೆಗೂ ಅಷ್ಟು ಇರುವುದಿಲ್ಲ. ಆರು ದಪ್ಪ ರಿಲೇಗಳನ್ನು ಕೊಂಡು ತಂದು, ಊಟದ ಮೇಜಿನ ಮೇಲೆ ಮಹಾನಿರ್ಮಾಣಕ್ಕೆ ಕೂತೆ. (ಆ ವಾರ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡಿದೆವು.)

ಪೆಟ್ಟಿಗೆ ಸಿದ್ಧವಾದ ಸಂಜೆ ಎಲ್ಲರನ್ನೂ ಹಾಲಿಗೆ ಕರೆದೆ. ಹಾಡು ಹಾಕಿ, ಹೊಸ ಗುಂಡಿಯನ್ನು ಗಾಂಭೀರ್ಯದಿಂದ ತಿರುಗಿಸಿದೆ. ಟಕ್. ಟಕಟಕ್. ಟಕ್. ಟಕಟಕಟಕ್.

“ಏನ್ರೀ ಇದು, ಸದ್ದು ಕಡಿಮೆ ಮಾಡೋ ಯಂತ್ರಕ್ಕೇ ಇಷ್ಟು ಸದ್ದಾ?” ಎಂದಳು ಹೆಂಡತಿ.

“ಪಾಪ, ಅವುಗಳ ಪಾಡಿಗೆ ಅವು ಕೆಲಸ ಮಾಡ್ತಿವೆ. ಬಿಡೇ” ಎಂದರು ಅತ್ತೆ, ಪೆಟ್ಟಿಗೆಯ ಕಡೆಗೆ ಸ್ವಲ್ಪ ಬಾಗಿ.

ಅತ್ತೆಯ ಬೆಂಬಲದಿಂದ ಹುರುಪು ಬಂದು ಇನ್ನಷ್ಟು ಇಳಿಸುತ್ತಾ ಹೋದೆ. ಮೂವತ್ತೊಂದನೆಯ ಮೆಟ್ಟಿಲಿನವರೆಗೆ ಎಲ್ಲ ಸುಸೂತ್ರ. ಮೂವತ್ತೆರಡಕ್ಕೆ ಕಾಲಿಟ್ಟೆ. ಗಾಯಕಿ ಒಮ್ಮೆಗೇ ಮನೆ ನಡುಗುವಂತೆ “ಆ” ಎಂದು ಚೀರಿ, ಮರುಗಳಿಗೆಯಲ್ಲೇ ಏನೂ ಆಗಿಲ್ಲವೆಂಬಂತೆ ಪಿಸುಗುಟ್ಟತೊಡಗಿದಳು. ಹೆಂಡತಿಯ ಕೈಯಲ್ಲಿದ್ದ ಚಹಾ ಅವಳ ಮಡಿಲಿಗೂ ಅಲ್ಲಿಂದ ಸೋಫಾಕ್ಕೂ ಹೋಯಿತು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡ ಸದ್ದು ಕೇಳಿಸಿತು.

ಡೆಸಿಬೆಲ್ ಇದಕ್ಕೆ ನಗುತ್ತಾ ಕಾರಣ ಹೇಳಿದ. ಮೂವತ್ತೊಂದರಲ್ಲಿ ಐದು ರಿಲೇಗಳು ಕಾವಲು ನಿಂತಿರುತ್ತವೆ. ಮೂವತ್ತೆರಡಕ್ಕೆ ಆ ಐದೂ ಇಳಿದು ಆರನೆಯದು ಹತ್ತಬೇಕು. ಐದು ಬೇಗ ಇಳಿದು ಆರನೆಯದು ತಡವಾಗಿ ಹತ್ತಿದರೆ, ನಡುವೆ ಕಣ್ಣುಮಿಟುಕಿಸುವಷ್ಟು ಹೊತ್ತು ಕಾವಲೇ ಇಲ್ಲ. ಆಗ ಒಳಗಿನ ಸದ್ದೆಲ್ಲ ಹೊರಗೆ ನುಗ್ಗುತ್ತದೆ. ಹೊಸದು ಹತ್ತಿದ ಮೇಲೆಯೇ ಹಳೆಯವು ಇಳಿಯಬೇಕು. ಅಂಗಡಿಯಲ್ಲಿ ನಾನೂ ಬದಲಿಯವನು ಬರುವವರೆಗೆ ಏಳುವುದಿಲ್ಲ, ಈ ಸಾಮಾನ್ಯ ಶಿಸ್ತು ರಿಲೇಗಳಿಗಿಲ್ಲ ಎಂದರೆ ನನಗೆ ಸಿಟ್ಟೇ ಬಂತು. ಅದನ್ನು ಸರಿಮಾಡಿದೆ.

“ಈ ದಪ್ಪ ರಿಲೇ ಸದಾ ಕರೆಂಟ್ ಕುಡೀತಿರುತ್ತೆ, ಗಲಾಟೇನೂ ಜಾಸ್ತಿ. ಇನ್ನೊಂದು ಜಾತಿ ಇದೆ” ಎಂದ ಡೆಸಿಬೆಲ್, ಬೆರಳ ತುದಿಯಷ್ಟು ಪುಟ್ಟ ರಿಲೇ ತೋರಿಸಿ. “ಒಂದು ಸಲ ತಳ್ಳಿದ್ರೆ ಸಾಕು, ಹಾಗೇ ನಿಂತ್ಕೊಳ್ಳುತ್ತೆ. ಕರೆಂಟ್ ಹೋದ್ರೂ ತನ್ನ ಜಾಗ ಮರೆಯಲ್ಲ.”

ಕರೆಂಟ್ ಹೋದರೂ ಮರೆಯದ ಜ್ಞಾಪಕಶಕ್ತಿಯ ಜೊತೆ ನಾನು ಮದುವೆಯಾಗಿ ಬಹಳ ವರ್ಷ ಸಂಸಾರ ಮಾಡಿದ್ದೇನೆ, ಅದರ ಅಪಾಯ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಇನ್ನೊಂದು ಪೆಟ್ಟಿಗೆ ಮಾಡಿ ಹೊಸ ರಿಲೇ ಜೋಡಿಸಿದೆ. ಮರುದಿನ ಬೆಳಗ್ಗೆ ರೇಡಿಯೋ ಹಾಕಿ ಗುಂಡಿಯನ್ನು ತುತ್ತತುದಿಗೆ ತಿರುಗಿಸುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಸದ್ದೇ ಬರಲಿಲ್ಲವಾದ್ದರಿಂದ ನಾನು ಎಲ್ಲ ಮರೆತು ಅಂಗಡಿಗೆ ಹೋದೆ. ನಾನು ಮರೆತೆ, ರಿಲೇ ಮರೆಯಲಿಲ್ಲ.

ಸಂಜೆ ಬಂದಾಗ ಅತ್ತೆ ಓಣಿಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಪ್ಲಗ್ ಕಿತ್ತು ಮಡಿಲಲ್ಲಿಟ್ಟುಕೊಂಡಿದ್ದರು.

“ಅಳಿಯಂದ್ರೆ, ಮಧ್ಯಾಹ್ನ ಕರೆಂಟ್ ಬಂದಾಗ ಹವಾಮಾನ ವರದಿ ಕೇಳ್ದೆ” ಎಂದರು.

“ಹೌದಾ ಅತ್ತೆ? ಏನಂದ್ರು?”

“ಒಣ ಹವೆ ಇರುತ್ತಂತೆ. ಎದುರುಮನೆಯವ್ರು ಒಗೆದ ಬಟ್ಟೆ ಹೊರಗೆ ಹಾಕಿದ್ರು. ಅವ್ರಿಗೂ ಕೇಳಿಸಿರ್ಬೇಕು.”

ನನ್ನ ಮುಖ ಸಪ್ಪಗಾಯಿತು. ಹೆಂಡತಿ ಹೋಗಿ ಮಾಳಿಗೆ ಕೋಣೆಯ ಕಸ ಗುಡಿಸಿ ಬಂದಳು.

ಭಾನುವಾರ ಹತ್ತಿರ ಬಂದಿತ್ತು. ಡೆಸಿಬೆಲ್ ಕೊನೆಯದಾಗಿ ಎರಡು ಆಯ್ಕೆ ಕೊಟ್ಟ. ಒಂದು, ಗಾಳಿಯೂ ಹೊಗದಂತೆ ಮುಚ್ಚಿದ ಪುಟ್ಟ ರಿಲೇಗಳು. ರಬ್ಬರ್ ಮೆತ್ತೆಯ ಮೇಲೆ ಕೂರಿಸಿದರೆ ಪಿಟ್ಟೆನ್ನುವುದಿಲ್ಲ, ಪ್ರತಿ ಸಲ ಹಚ್ಚಿದಾಗಲೂ ತೀರಾ ಕಡಿಮೆ ಸದ್ದಿನಿಂದಲೇ ಶುರು. ಇನ್ನೊಂದು, ಒಳಗೆ ಅಲುಗಾಡುವ ಭಾಗವೇ ಇಲ್ಲದ ಎಲೆಕ್ಟ್ರಾನಿಕ್ ಸ್ವಿಚ್. ಯಾವುದರ ದನಿ ಚೆಂದ? ಇದನ್ನು ನಿರ್ಧರಿಸುವ ವಿದ್ಯೆ ನನಗಲ್ಲದೆ ಇನ್ನಾರಿಗೆ ಗೊತ್ತು? ಎರಡನ್ನೂ ಒಂದು ಸ್ವಿಚ್ಚಿಗೆ ಕಟ್ಟಿ, ಹೆಂಡತಿಯನ್ನು ಸೋಫಾದಲ್ಲಿ ಕೂರಿಸಿ, ಅಂಗಡಿಯ ದನಿಯಲ್ಲಿ ಶುರುಮಾಡಿದೆ.

“ಇದು ಚೆನ್ನಾಗಿದೆಯಾ, ಇದಾ?”

“ಎರಡೂ ಒಂದೇ.”

“ಗಾಬರಿ ಬೇಡ, ನಿಧಾನವಾಗಿ ಹೇಳಿ.”

“ನಂಗೆ ಯಾಕೆ ಬಹುವಚನ? ಎರಡೂ ಒಂದೇ ಕಣ್ರೀ.”

ಅವಳ ಕಿವಿಯ ಬಗ್ಗೆ ನನಗೆ ಕನಿಕರವೆನಿಸಿತು. ಮೊದಲನೆಯದರಲ್ಲಿ ಆಳವಿದೆ, ಗಾಯಕಿ ಉಸಿರೆಳೆದುಕೊಳ್ಳುವುದೂ ಕೇಳುತ್ತದೆ. ಎರಡನೆಯದರಲ್ಲಿ ಅದೇ ಗಾಯಕಿಗೆ ನೆಗಡಿಯಾದಂತಿದೆ. ಇದನ್ನು ಬಹಳ ಹೊತ್ತು ವರ್ಣಿಸಿದೆ. ಕೈಗಳನ್ನೂ ಬಳಸಿದೆ.

ಎಲ್ಲ ಮುಗಿದ ಮೇಲೆ ಹೆಂಡತಿ ಬಗ್ಗಿ ಮೇಜಿನ ಕೆಳಗೆ ನೋಡಿದಳು. “ರೀ, ಈ ಹಳದಿ ವೈರು ಹೀಗೇ ನೇತಾಡ್ತಿರ್ಬೇಕಾ?”

ಇರಬೇಕಾಗಿರಲಿಲ್ಲ. ಅದು ಎರಡನೆಯದರ ವೈರು. ಅದಿಲ್ಲದೆ ಸ್ವಿಚ್ಚನ್ನು ಎತ್ತ ಒತ್ತಿದರೂ ಮೊದಲನೆಯದೇ ಹಾಡುತ್ತಿತ್ತು. ಅಂದರೆ ಆಳವೂ ಅದರದೇ, ನೆಗಡಿಯೂ ಅದರದೇ. ಅಂಗಡಿಗೆ ಬರುವ ಗಿರಾಕಿಗಳ ಮೇಲೆ ಆ ದಿನದಿಂದ ನಾನು ರೇಗುವುದನ್ನು ಬಿಟ್ಟಿದ್ದೇನೆ. ಮುಚ್ಚಿದ ರಿಲೇಗಳನ್ನೇ ಆರಿಸಿಕೊಂಡೆ. ಜೋಡಿಸಿ ಆಗಿತ್ತು ಎಂಬುದಷ್ಟೇ ಅದಕ್ಕೆ ಕಾರಣ.

ಭಾನುವಾರ ಬಂತು. ಊಟವಾಯಿತು. ಪರೀಕ್ಷೆಗೆಂದು ಕುರ್ಚಿಯನ್ನು ಹಾಲಿನ ನಡುವೆ ತಂದಿಟ್ಟೆವು. ಅತ್ತೆ ಒರಗಿದರು, ಕಾಲು ಮೇಲೆ ಬಂತು. ಕಿಟಕಿಯ ಪರದೆ ಎಳೆದೆ. ಹಾಡು ಹಚ್ಚಿ ಗುಂಡಿ ತಿರುಗಿಸಿದೆ. ಕರಕರ ಇಲ್ಲ, ಟಕಟಕ ಇಲ್ಲ, ಮೂವತ್ತೆರಡರಲ್ಲಿ ಚೀರಾಟವಿಲ್ಲ. ಅಷ್ಟು ಕಡಿಮೆ ಸದ್ದಿನಲ್ಲೂ ಗಾಯಕಿ ಎರಡು ಸ್ಪೀಕರುಗಳ ನಟ್ಟನಡುವೆ ನಿಂತು, ನಮ್ಮ ಮನೆಯವಳೇ ಎಂಬಂತೆ ಮೆಲ್ಲಗೆ ಹಾಡಿದಳು. ಇಷ್ಟು ಚೆನ್ನಾಗಿ ನಾನು ಬದುಕಿನಲ್ಲಿ ಯಾವುದನ್ನೂ ಮಾಡಿರಲಿಲ್ಲ.

ಹಾಡು ಮುಗಿಯಿತು. ಇನ್ನೊಂದು ಮುಗಿಯಿತು. ತಿರುಗಿ ನೋಡಿದೆ. ಅತ್ತೆ ಕಣ್ಣರಳಿಸಿ ಕೂತಿದ್ದರು.

“ಯಾಕೆ ಅತ್ತೆ, ಚೆನ್ನಾಗಿಲ್ವಾ?”

“ಬಹಳ ಚೆನ್ನಾಗಿದೆ ಅಳಿಯಂದ್ರೆ. ಅದೇ ತೊಂದ್ರೆ. ಇಷ್ಟು ಚೆನ್ನಾಗಿದ್ರೆ ಬಿಟ್ಟು ನಿದ್ದೆ ಮಾಡೋದು ಹೇಗೆ? ಮುಂದೇನು ಹಾಡ್ತಾಳೋ ಅಂತ ಕಾಯ್ತಾ ಕೂತುಬಿಟ್ಟೆ.”

ಹೆಂಡತಿ ಮಾಳಿಗೆ ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ಅವಳ ಮುಖದಲ್ಲಿ ಗೆಲುವಿನ ಸೊಕ್ಕೇನೂ ಇರಲಿಲ್ಲ, ಸ್ವಲ್ಪ ಅಯ್ಯೋ ಪಾಪ ಎಂಬ ಭಾವವೇ ಇತ್ತು. ಅದು ಇನ್ನೂ ಕಷ್ಟ.

ಸೋತವನಾದರೂ ಲೆಕ್ಕಾಚಾರದಲ್ಲಿ ಸೋತವನಲ್ಲ. ಮೊದಲ ದಪ್ಪ ರಿಲೇಗಳ ಪೆಟ್ಟಿಗೆಯನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದಿದ್ದ ಡೆಸಿಬೆಲ್. ಆದರೆ ಎಲ್ಲ ಸರಿಯಿದೆಯೇ ಎಂದು ಮೊದಲು ಓಡಿಸಿ ನೋಡಬೇಕಂತೆ. ಅದಕ್ಕೆಂದು ಪೆಟ್ಟಿಗೆ ತಾನೇ ಮೆಟ್ಟಿಲು ಹತ್ತಿ, ತಾನೇ ಇಳಿಯುವಂತೆ ಮಾಡುವ ಪುಟ್ಟ ಬೋರ್ಡೊಂದನ್ನೂ ಕೊಟ್ಟಿದ್ದ. ಪೆಟ್ಟಿಗೆಯನ್ನು ಕುರ್ಚಿಯ ಪಕ್ಕದ ಊಟದ ಮೇಜಿನ ಮೇಲಿಟ್ಟು ಬೋರ್ಡಿಗೆ ಸಿಕ್ಕಿಸಿ, ಅದರ ಪಾಡಿಗೆ ಅದನ್ನು ಬಿಟ್ಟು, ಬಲಗಡೆಯ ದ್ವಾರಪಾಲಕನನ್ನು ಅಪ್ಪಿಕೊಂಡು ಮಾಳಿಗೆ ಮೆಟ್ಟಿಲು ಹತ್ತಿದೆ. ಆಮೇಲೆ ಎಡಗಡೆಯವನನ್ನು. ಒಡೆದ ಬಕೆಟ್ಟಿನ ಎರಡು ಬದಿಗೆ ಇಬ್ಬರನ್ನೂ ನಿಲ್ಲಿಸಿ, ತಲೆ ಸವರಿ, ಕೆಳಗೆ ಬಂದೆ.

ಹೆಂಡತಿ ಹಾಲಿನ ಬಾಗಿಲಲ್ಲಿ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದಳು.

ಮೇಜಿನ ಮೇಲೆ ಪೆಟ್ಟಿಗೆ ತನ್ನ ಅರವತ್ತನಾಲ್ಕು ಮೆಟ್ಟಿಲು ಹತ್ತಿ ಇಳಿಯುತ್ತಿತ್ತು. ಟಕ್. ಟಕಟಕ್. ಟಕ್. ಟಕಟಕಟಕ್. ಅದರ ಪಕ್ಕದಲ್ಲಿ, ಬಾಯಿ ಸ್ವಲ್ಪ ತೆರೆದು, ಕೈ ಎರಡೂ ಕುರ್ಚಿಯ ತೋಳಿನಿಂದ ಜಾರಿ, ಅತ್ತೆ ಗಾಢನಿದ್ದೆಯಲ್ಲಿದ್ದರು. ಗೊರಕೆಯೂ ಇತ್ತು.

ನಾನು ಬೆಪ್ಪಾಗಿ ಹೋಗಿ ಸ್ವಿಚ್ ಆಫ್ ಮಾಡಿದೆ. ಅತ್ತೆಗೆ ತಟ್ಟನೆ ಎಚ್ಚರವಾಯಿತು.

“ಯಾಕೆ ನಿಲ್ಲಿಸಿದ್ರಿ? ಎಕ್ಸ್‌ಚೇಂಜಲ್ಲಿ ಗೋಡೆ ತುಂಬಾ ಇವೇ ಇದ್ದವು. ಯಾರು ಯಾರಿಗೆ ಫೋನ್ ಮಾಡಿದ್ರೂ ಟಕಟಕ. ಊಟ ಆದ್ಮೇಲೆ ಅಲ್ಲೇ ಒರಗಿದ್ರೆ, ಎಲ್ಲರ ಮಾತೂ ಎಲ್ಲರಿಗೂ ತಲುಪ್ತಾ ಇದೆ ಅಂತ ಅನ್ನಿಸಿ ನಿದ್ದೆ ಬಂದುಬಿಡ್ತಿತ್ತು. ಅದು ನಿಂತ್ರೆ ಮಾತ್ರ ಎದ್ದು ಓಡ್ಬೇಕಿತ್ತು. ನಿಮ್ಮನೆಗೆ ಬಂದಾಗಿನಿಂದ ಏನೋ ನಿಂತುಹೋಗಿದೆ ಅನ್ನಿಸ್ತಿತ್ತು.”

ನಾನು ಮತ್ತೆ ಸ್ವಿಚ್ ಹಾಕಿದೆ. ನಿಜ ಹೇಳುತ್ತೇನೆ, ಹೊಟ್ಟೆ ಉರಿಯಿತು. ಅಷ್ಟು ದಿನ ಬೆವರು ಸುರಿಸಿ ಯಾವ ಸದ್ದನ್ನು ಹುಟ್ಟಡಗಿಸಿದೆನೋ ಅದೇ ಸದ್ದು ಪಟ್ಟಕ್ಕೇರಿ ಕೂತಿತ್ತು. ಆದರೆ ಅತ್ತೆ ಮತ್ತೆ ಹಿಂದಕ್ಕೆ ಒರಗಿದ ರೀತಿಯನ್ನು ನೋಡಿ ಖುಷಿಯೂ ಆಯಿತು. ಎರಡೂ ಒಟ್ಟಿಗೇ ಆದವು.

“ಪೆಟ್ಟಿಗೆಯಿಂದ ಅಮ್ಮನಿಗೆ ನಿದ್ದೆ ಬಂದ್ರೆ ಹಾಲಲ್ಲೇ ಇರುತ್ತೆ ಅಂದಿದ್ದೆ” ಎಂದಳು ಹೆಂಡತಿ. “ಬಂತು. ಇರಲಿ.”

“ಹಾಗಾದ್ರೆ ಸ್ಪೀಕರ್ ಕೆಳಗೆ ತರಲಾ?”

“ಅವು ಯಾಕೆ? ಅವುಗಳಿಂದ ಬಂತಾ?”

ಕುರ್ಚಿ ಕಿಟಕಿಯ ಮೂಲೆಗೆ ಹೋಯಿತು. ಓಣಿಯಲ್ಲಿ ಎಲ್ಲರೂ ನೇರವಾಗಿ ನಡೆಯತೊಡಗಿದೆವು. ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ, ಯಾವ ಸಂಗೀತಕ್ಕೂ ಸಂಬಂಧವಿಲ್ಲದ ವಾಲ್ಯೂಮ್ ಪೆಟ್ಟಿಗೆಯೊಂದು ಏನನ್ನೂ ಹೆಚ್ಚು ಕಡಿಮೆ ಮಾಡದೆ ಟಕಟಕಿಸುತ್ತಾ ಕೂತಿತು. ಅತ್ತೆ ಕಣ್ಣು ಮುಚ್ಚಿದರು. ಮತ್ತೆ ತೆರೆದರು.

“ಅಳಿಯಂದ್ರೆ, ಸ್ವಲ್ಪ ಜೋರಾಯ್ತು. ಇದಕ್ಕೆ ವಾಲ್ಯೂಮ್ ಇಲ್ವಾ?”

ಸದ್ದು ತಗ್ಗಿಸುವುದೊಂದನ್ನೇ ಕಾಯಕ ಮಾಡಿಕೊಂಡ ಯಂತ್ರದ ಸದ್ದನ್ನು ತಗ್ಗಿಸುವುದು ಹೇಗೆ? ರಬ್ಬರ್ ಮೆತ್ತೆ, ಬೇರೆ ಜಾತಿಯ ರಿಲೇ, ಸುರುಳಿಗೆ ಇನ್ನೊಂದು ರೆಸಿಸ್ಟರ್ ಎಂದು ನಾನು ಬಾಯಿ ತೆರೆಯುವುದರೊಳಗೆ ಹೆಂಡತಿ ಬೀರುವಿನಿಂದ ಹಳೆಯದೊಂದು ಹೊದಿಕೆ ತಂದಳು. ಒಮ್ಮೆ ಮಡಿಸಿ ಪೆಟ್ಟಿಗೆಯ ಮೇಲೆ ಹಾಕಿದಳು. ಟಕಟಕ ತಗ್ಗಿತು. ಇನ್ನೊಮ್ಮೆ ಮಡಿಸಿದಳು. ಇನ್ನೂ ತಗ್ಗಿತು. ಒಂದು ಮಡಿಕೆಗೆ ಎರಡು ಪದರ, ಎರಡಕ್ಕೆ ನಾಲ್ಕು, ಮೂರಕ್ಕೆ ಎಂಟು. ನನ್ನ ರಿಲೇಗಳ ಲೆಕ್ಕವೇ. ನಡುವೆ ಚೀರಾಟವಿಲ್ಲ, ಕರೆಂಟ್ ಬೇಡ, ಕರೆಂಟ್ ಹೋದರೂ ಮಡಿಕೆ ಹಾಗೇ ಇರುತ್ತದೆ. ಡೆಸಿಬೆಲ್ಲಿನ ಅಂಗಡಿಯಲ್ಲಿ ನಾನು ಹುಡುಕಿದ್ದೆಲ್ಲ ದಿಂಬಿನ ಚೀಲಗಳ ಪಕ್ಕದಲ್ಲಿ ಇತ್ತು.

ಹೆಂಡತಿ ಹೊದಿಕೆಯ ಒಂದು ಮಡಿಕೆಯನ್ನು ಎತ್ತಿ ಹಿಡಿದಳು, ಇಳಿಸಿದಳು, ಮತ್ತೆ ಎತ್ತಿದಳು. ನನ್ನ ಕಡೆ ಒಂದು ಓರೆನೋಟ ಬೀರಿ, ಥೇಟ್ ನನ್ನ ಅಂಗಡಿಯ ದನಿಯಲ್ಲಿ ಕೇಳಿದಳು.

“ಇದು ಚೆನ್ನಾಗಿದೆಯಾ ಅಮ್ಮಾ, ಇದಾ? ಗಾಬರಿ ಬೇಡ, ನಿಧಾನವಾಗಿ ಹೇಳಿ.”

ಅತ್ತೆ ಆಗಲೇ ನಿದ್ದೆ ಹೋಗಿದ್ದರು.

ನಾನು ಸೋಫಾದಲ್ಲಿ, ಚಹಾದ ಕಲೆಯ ಪಕ್ಕ ಕೂತೆ. ಬೇರೆ ಕೇಳಲು ಏನೂ ಇರಲಿಲ್ಲವಾದ್ದರಿಂದ ಮೆಟ್ಟಿಲು ಎಣಿಸತೊಡಗಿದೆ. ಮೂವತ್ತು, ಮೂವತ್ತೊಂದು. ಮೂವತ್ತೆರಡಕ್ಕೆ ಅಭ್ಯಾಸಬಲದಿಂದ ಮೈ ಬಿಗಿಹಿಡಿದೆ, ಏನೂ ಆಗಲಿಲ್ಲ. ಮೂವತ್ತಮೂರು ನನಗೆ ಕೇಳಿಸಲೇ ಇಲ್ಲ. ಆಮೇಲೆ ಹೆಂಡತಿ ಹೇಳಿದಳು, ನನ್ನ ಗೊರಕೆ ಅಮ್ಮನದಕ್ಕಿಂತ ಜೋರಾಗಿತ್ತಂತೆ, ಅದಕ್ಕೂ ಒಂದು ಹೊದಿಕೆ ಬೇಕಾಯಿತಂತೆ.